ಜಪಾನಿನ ಜನಜೀವನ ಮತ್ತು ಶಾಲೆ : ಒಂದು ಪರಿಚಯ

ಹಾನಗಲ್ಲ, ಹಿರೇಕೆರೂರು ತಾಲೂಕುಗಳ ಹಿರಿಯ ರೈತರಲ್ಲಿ ಹಲವರಿಗೆ ಜಪಾನ್ ಎಂಬ ಹೆಸರು ಪರಿಚಯವಾದುದು ಭತ್ತದ ಗದ್ದೆಯಲ್ಲಿ. ‘ಜಪಾನಿ ಪದ್ಧತಿಯ ಭತ್ತದ ಬೇಸಾಯ’ದ ಪ್ರಚಾರವು 1953ರಲ್ಲಿ ದೇಶದಾದ್ಯಂತ ಆರಂಭವಾಯಿತು. ಆಗ ಈ ಸೀಮೆಯು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದಿತು. ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ತೇಲುವ ಜೊಳ್ಳನ್ನು ತೆಗೆಯುವುದು, ಎತ್ತರಿಸಿದ ಮಡಿಯಲ್ಲಿ ಸಸಿ ಬೆಳೆಸುವುದು, ಹಗ್ಗ ಹಿಡಿದು ನೇರವಾದ ಸಾಲಿನಲ್ಲಿ ನಾಟಿ ಮಾಡುವುದು, ಸಾಲುಗಳ ನಡುವೆ ಕೈಯಿಂದ ನೂಕುವ ಸಾಧನದಿಂದ ಕಳೆ ತೆಗೆಯುವುದು, ಇವು ಆ ಪದ್ಧತಿಯ ಮುಖ್ಯಾಂಶಗಳು. ಕೂರಿಗೆಯಿಂದ ಭತ್ತ ಬಿತ್ತುವ ರೂಢಿಯುಳ್ಳ ನಾಡಿನಲ್ಲಿ ಹಗ್ಗ ಹಿಡಿದು ನೆಡುವುದು ವಿನೋದದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಬಳಿಕ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಕೈಗಡಿಯಾರಗಳು ತಯಾರಾಗತೊಡಗಿದವು. ಒಂದು ತಲೆಮಾರಿನ ಶಿಕ್ಷಕರು ಪಾಠದ ಅವಧಿಯನ್ನು ಅಳೆದುದು ಆ ಗಡಿಯಾರಗಳಿಂದಲೇ.

ಹೀಗೆ ಜಪಾನನ್ನು ಅದರ ವಸ್ತುಗಳಿಂದ ಬಲ್ಲವರು ಬಹಳ, ಅದರ ಮನೆ ಮತ್ತು ಶಾಲೆಗಳನ್ನು ಬಲ್ಲವರು ವಿರಳ. ಆದರೆ ಆ ವಸ್ತುಗಳ ಹಿಂದಿನ ಕೈಗಳು ತಯಾರಾದುದು ಮನೆ ಶಾಲೆಗಳಲ್ಲಿಯೇ.

ವಿಸ್ತೀರ್ಣದಲ್ಲಿ ಜಪಾನು ಕರ್ನಾಟಕದ ಸುಮಾರು ಎರಡರಷ್ಟಿದೆ. ಹೊಂಶು, ಹೊಕ್ಕೈದೊ, ಕ್ಯೂಶು, ಶಿಕೊಕು ಎಂಬ ನಾಲ್ಕು ದೊಡ್ಡ ದ್ವೀಪಗಳೂ ಸಾವಿರಾರು ಕಿರುದ್ವೀಪಗಳೂ ಸೇರಿ ಆದ ದೇಶವಿದು. ನೆಲದ ಮೂರರಲ್ಲಿ ಎರಡು ಪಾಲು ಬೆಟ್ಟ ಮತ್ತು ಅರಣ್ಯ. ಉಳಿದ ಕಿರಿದಾದ ಬಯಲಿನಲ್ಲಿಯೇ ಸುಮಾರು ಹನ್ನೆರಡೂವರೆ ಕೋಟಿ ಜನರ ಊರು, ಗದ್ದೆ, ಕಾರ್ಖಾನೆಗಳೆಲ್ಲ ಇರಬೇಕು. ಭೂಕಂಪ, ಚಂಡಮಾರುತ, ಜ್ವಾಲಾಮುಖಿಗಳು ಅಲ್ಲಿ ಅಪರೂಪದ ಸಂಗತಿಗಳಲ್ಲ.

ಮನೆಯೊಳಗೆ

ಜಪಾನೀಯರ ಮನೆಯ ಬಾಗಿಲನ್ನು ದಾಟಿದೊಡನೆ ಒಂದು ತಗ್ಗಾದ ಜಾಗವಿರುತ್ತದೆ. ಪಾದರಕ್ಷೆಗಳನ್ನು ಅಲ್ಲಿಯೇ ಬಿಟ್ಟು, ಅವುಗಳ ಮುಖವನ್ನು ಹೊರಬಾಗಿಲ ಕಡೆಗೆ ತಿರುಗಿಸಿಟ್ಟು, ಮೇಲಿನ ನೆಲಕ್ಕೆ ಹತ್ತಬೇಕು. ಹಳೆಯ ಮಾದರಿಯ ಕೋಣೆಗಳಲ್ಲಿ ‘ತತಾಮಿ’ ಎಂಬ ದಪ್ಪನೆಯ ಹುಲ್ಲುಚಾಪೆ ಹಾಸಿರುತ್ತದೆ. ಕೋಣೆಯ ಅಳತೆಯನ್ನು ಹೇಳುವುದೂ ಆರು ಚಾಪೆ, ಎಂಟು ಚಾಪೆ ಎಂದು. ಅಲ್ಲಿ ಹಗಲು ಊಟ, ಓದು, ಅತಿಥಿಗಳ ಸತ್ಕಾರ. ರಾತ್ರಿ ಹಾಸಿಗೆ ಬಿಚ್ಚಿದರೆ ಅದೇ ಮಲಗುವ ಕೋಣೆ. ಬೆಳಗಾಗುತ್ತಲೇ ಹಾಸಿಗೆಯನ್ನು ಮಡಚಿ ಗೋಡೆಯ ಕಪಾಟಿನಲ್ಲಿ ಇಡುವರು. ಇಂದಿನ ನಗರಗಳ ಮನೆಗಳಲ್ಲಿ ಮಂಚ ಕುರ್ಚಿಗಳೇ ಹೆಚ್ಚಾಗಿದ್ದರೂ ಪಾದರಕ್ಷೆ ಬಿಡುವ ನಿಯಮ ಮಾತ್ರ ಸಡಿಲವಾಗಿಲ್ಲ. ಇದನ್ನು ಓದುವ ಕನ್ನಡ ಗೃಹಿಣಿಗೆ ಪರದೇಶದ ವರ್ಣನೆ ಎನಿಸಲಾರದು.

ಸ್ನಾನವು ಸಾಮಾನ್ಯವಾಗಿ ಸಂಜೆಯ ಅಥವಾ ರಾತ್ರಿಯ ಕಾರ್ಯ. ತೊಟ್ಟಿಯ ಹೊರಗೆ ಕುಳಿತು ಮೈಯನ್ನು ಪೂರ್ಣವಾಗಿ ತೊಳೆದುಕೊಂಡ ಮೇಲೆಯೇ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಮನೆಮಂದಿಯೆಲ್ಲರೂ ಒಬ್ಬರಾದ ಮೇಲೆ ಒಬ್ಬರು ಅದೇ ನೀರನ್ನು ಬಳಸುವುದರಿಂದ ಅದನ್ನು ಹೊಲಸು ಮಾಡುವ ಅಧಿಕಾರ ಯಾರಿಗೂ ಇಲ್ಲ. ಅತಿಥಿ ಬಂದಿದ್ದರೆ ಮೊದಲ ಸ್ನಾನ ಅವರದು. ಆಹಾರದಲ್ಲಿ ಅನ್ನ, ಸೋಯಾ ಅವರೆಯನ್ನು ಹುದುಗಿಸಿ ಮಾಡಿದ ‘ಮಿಸೊ’ದ ಸಾರು, ಉಪ್ಪಿನಲ್ಲಿ ಹಾಕಿದ ತರಕಾರಿ, ಮೀನು ಮುಖ್ಯ. ಎರಡು ಕಡ್ಡಿಗಳಿಂದ ಉಣ್ಣುವರು. ಆದರೆ ಆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಸತ್ತವರಿಗೆ ಎಡೆಯಿಡುವ ಕ್ರಮವಾದುದರಿಂದ ಊಟದಲ್ಲಿ ನಿಷಿದ್ಧ.

ಅಕ್ಷರಗಳ ಬಂಧುತ್ವ

ಜಪಾನೀ ಭಾಷೆಯ ಬರವಣಿಗೆ ಕಠಿಣವೆಂಬ ಮಾತು ನಿಜ. ಚೀನಾದಿಂದ ಬಂದ ‘ಕಾಂಜಿ’ ಎಂಬ ಚಿತ್ರಾಕ್ಷರಗಳಲ್ಲಿ 1026ನ್ನು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ಕಲಿಯಬೇಕು. ನಿತ್ಯವ್ಯವಹಾರಕ್ಕೆ ಸರ್ಕಾರ ಗೊತ್ತುಪಡಿಸಿರುವ ಸಂಖ್ಯೆ 2136. ಇವುಗಳ ಜೊತೆಗೆ ‘ಹಿರಗಾನ’, ‘ಕತಕಾನ’ ಎಂಬ ಎರಡು ಧ್ವನ್ಯಕ್ಷರ ಮಾಲೆಗಳಿವೆ.

ಈ ಧ್ವನ್ಯಕ್ಷರಗಳ ಕ್ರಮವನ್ನು ಗಮನಿಸಿದರೆ ಕನ್ನಡ ಶಿಕ್ಷಕನಿಗೆ ವಿಸ್ಮಯವಾಗುತ್ತದೆ. ಸ್ವರಗಳು ಅ, ಇ, ಉ, ಎ, ಒ. ವ್ಯಂಜನಗಳ ಸಾಲು ಕ, ಸ, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ಕ್ರಮವೇ. ‘ಚ’ ವರ್ಗದ ಸ್ಥಾನದಲ್ಲಿ ‘ಸ’, ‘ಪ’ ವರ್ಗದ ಸ್ಥಾನದಲ್ಲಿ ‘ಹ’ ನಿಂತಿರುವುದಕ್ಕೂ ಕಾರಣವಿದೆ: ಪ್ರಾಚೀನ ಜಪಾನೀ ಭಾಷೆಯಲ್ಲಿ ಆ ಧ್ವನಿಗಳ ಉಚ್ಚಾರಣೆ ‘ಚ’ಕಾರ, ‘ಪ’ಕಾರಗಳಿಗೆ ಸಮೀಪವಾಗಿತ್ತೆಂದು ಭಾಷಾಶಾಸ್ತ್ರಜ್ಞರು ತಿಳಿಯುತ್ತಾರೆ. ಸಂಸ್ಕೃತ ಮಂತ್ರಗಳನ್ನು ‘ಸಿದ್ಧಂ’ ಲಿಪಿಯಲ್ಲಿ ಅಭ್ಯಾಸ ಮಾಡುತ್ತಿದ್ದ ಬೌದ್ಧ ಭಿಕ್ಷುಗಳ ಮೂಲಕ ಭಾರತದ ಅಕ್ಷರಕ್ರಮವು ಅಲ್ಲಿಗೆ ತಲುಪಿತು. ನಾರಾ ನಗರದ ತೋದಾಯ್‌ಜಿ ದೇವಾಲಯದ ಮಹಾಬುದ್ಧ ವಿಗ್ರಹಕ್ಕೆ 752ರಲ್ಲಿ ನೇತ್ರೋನ್ಮೀಲನ ಮಾಡಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ನಮ್ಮ ‘ಧ್ಯಾನ’ ಶಬ್ದವೇ ಚೀನಾದಲ್ಲಿ ‘ಛಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತು. ವೀಣಾಪಾಣಿಯಾದ ಸರಸ್ವತಿಯು ‘ಬೆಂಜಾಯ್‌ತೆನ್’ ಎಂಬ ಹೆಸರಿನಿಂದ, ಕೈಯಲ್ಲಿ ಅಲ್ಲಿಯ ತಂತಿವಾದ್ಯವನ್ನು ಹಿಡಿದು, ಸರೋವರಗಳ ದಡದಲ್ಲಿ ಪೂಜೆಗೊಳ್ಳುತ್ತಾಳೆ.

ವಾಕ್ಯರಚನೆಯೂ ಕನ್ನಡಿಗರಿಗೆ ಸುಲಭ. ‘ವತಾಶಿ ವ ಗಕ್ಕೋ ನಿ ಇಕಿಮಾಸು’ ಎಂಬಲ್ಲಿ ‘ಗಕ್ಕೋ’ ಶಾಲೆ, ‘ನಿ’ ಎಂಬುದು ನಮ್ಮ ‘ಗೆ’ ಪ್ರತ್ಯಯ, ‘ಇಕಿಮಾಸು’ ಹೋಗುತ್ತೇನೆ. ಪದಗಳ ಸ್ಥಾನವನ್ನು ಕದಲಿಸದೆಯೇ ‘ನಾನು ಶಾಲೆಗೆ ಹೋಗುತ್ತೇನೆ’ ಎಂದಾಗುತ್ತದೆ. ಉತ್ತರ ಕರ್ನಾಟಕದವರು ಮಾತಿನ ಕೊನೆಗೆ ‘ರೀ’ ಸೇರಿಸಿ ಗೌರವ ತೋರುವಂತೆ ಅವರು ಕ್ರಿಯಾಪದಕ್ಕೆ ‘ಮಾಸು’ ಸೇರಿಸುವರು. ಗುಡುಗಿಗೆ ಅವರ ಅನುಕರಣ ಶಬ್ದ ‘ಗೊರೊಗೊರೊ’. ಇಂಥ ಹೋಲಿಕೆಗಳನ್ನು ಹಿಡಿದು ಓನೊ ಸುಸುಮು ಎಂಬ ವಿದ್ವಾಂಸರು ಜಪಾನೀ ಭಾಷೆಗೂ ತಮಿಳಿಗೂ ಸಂಬಂಧವಿದೆಯೆಂದು ವಾದಿಸಿದರು. ಆದರೆ ಬಹುಸಂಖ್ಯಾತ ಭಾಷಾತಜ್ಞರು ಅದನ್ನು ಒಪ್ಪಿಲ್ಲ. ರಚನೆಯ ಸಾಮ್ಯವೇ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲವಷ್ಟೆ.

ಒಲೆಹಣ ಮತ್ತು ನೂರು ಮೂಟೆ ಅಕ್ಕಿ

ಸರ್ಕಾರಿ ಶಾಲೆಗಳು ಬರುವುದಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲಿ ಗಾಂವಟಿ ಶಾಲೆಗಳೂ ಕೂಲಿಮಠಗಳೂ ಇದ್ದಂತೆ ಜಪಾನಿನಲ್ಲಿ ‘ತೆರಾಕೊಯ’ಗಳಿದ್ದವು. ‘ತೆರಾ’ ಎಂದರೆ ದೇವಾಲಯ. ಆರಂಭದಲ್ಲಿ ಭಿಕ್ಷುಗಳ ಆಶ್ರಯದಲ್ಲಿ ನಡೆದು, ಮುಂದೆ ಗೃಹಸ್ಥ ಶಿಕ್ಷಕರ ಮನೆಗಳಿಗೂ ಹರಡಿದ ಈ ಶಾಲೆಗಳಲ್ಲಿ ಓದು, ಕುಂಚದ ಬರಹ, ಮಣಿಚೌಕಟ್ಟಿನ ಲೆಕ್ಕ ಇವಿಷ್ಟೇ ಪಾಠ. ಗುರುವಿಗೆ ಸಂಭಾವನೆ ಕೆಲವೊಮ್ಮೆ ಹಣ, ಕೆಲವೊಮ್ಮೆ ಧಾನ್ಯ. ಆ ಮಣಿಚೌಕಟ್ಟು ಇಂದಿಗೂ ಮೂರನೆಯ ತರಗತಿಯ ಗಣಿತದಲ್ಲಿ ಉಳಿದುಕೊಂಡಿದೆ.

ಹೊಸ ಬಗೆಯ ಶಾಲೆಗಳನ್ನು ಕೇಂದ್ರ ಸರ್ಕಾರಕ್ಕಿಂತ ಮೊದಲು ಕಟ್ಟಿದವರು ಕ್ಯೋತೊ ಪಟ್ಟಣದ ಓಣಿಗಳ ಜನ. 1869ರಲ್ಲಿ ಅವರು 64 ಪ್ರಾಥಮಿಕ ಶಾಲೆಗಳನ್ನು ಸ್ಥಾಪಿಸಿದರು. ಅವುಗಳ ಖರ್ಚಿಗೆ ಒಲೆಯುಳ್ಳ ಪ್ರತಿಯೊಂದು ಮನೆಯೂ ವಂತಿಗೆ ಕೊಡಬೇಕು. ಮನೆಯಲ್ಲಿ ಓದುವ ಮಗುವಿದೆಯೇ ಇಲ್ಲವೇ ಎಂಬ ಪ್ರಶ್ನೆಯಿಲ್ಲ. ಅದಕ್ಕೆ ‘ಒಲೆಹಣ’ವೆಂದೇ ಹೆಸರಾಯಿತು.

ಇದಕ್ಕಿಂತಲೂ ಮನಮುಟ್ಟುವ ಪ್ರಸಂಗವು ನಾಗಾಒಕ ಎಂಬ ಸಂಸ್ಥಾನದ್ದು. 1868ರ ಅಂತರ್ಯುದ್ಧದಲ್ಲಿ ಸೋತ ಪಕ್ಷದಲ್ಲಿದ್ದ ಆ ಊರು ಸುಟ್ಟುಹೋಗಿತ್ತು. ಯೋಧರ ಮನೆತನಗಳು ಹಸಿವಿನಿಂದ ಕಂಗೆಟ್ಟಿದ್ದವು. 1870ರಲ್ಲಿ ಬಂಧುಸಂಸ್ಥಾನವಾದ ಮಿನೆಯಾಮವು ಕನಿಕರಪಟ್ಟು ನೂರು ಮೂಟೆ ಅಕ್ಕಿಯನ್ನು ಕಳುಹಿಸಿತು. ಅಕ್ಕಿ ತಮಗೆ ಹಂಚಿಕೆಯಾಗುವುದೆಂದು ಎಲ್ಲರೂ ಕಾದಿದ್ದರು. ಆದರೆ ಆಡಳಿತದ ಹೊಣೆ ಹೊತ್ತಿದ್ದ ಕೊಬಯಾಶಿ ತೊರಾಸಬುರೊ ಎಂಬವರು ಹಂಚಲು ಒಪ್ಪಲಿಲ್ಲ. ಹಂಚಿದರೆ ಕೆಲವೇ ದಿನಗಳಲ್ಲಿ ತೀರುವ ಅಕ್ಕಿಯನ್ನು ಮಾರಿ ಆ ಹಣವನ್ನು ಶಾಲೆಗೆ ವಿನಿಯೋಗಿಸಿದರು. ಆ ಶಾಲೆಯ ಬಾಗಿಲು ಯೋಧವರ್ಗದವರಿಗೆ ಮಾತ್ರವಲ್ಲದೆ ಸಾಮಾನ್ಯರ ಮಕ್ಕಳಿಗೂ ತೆರೆದಿತ್ತು. ಮುಂದೆ 1943ರಲ್ಲಿ ಯಾಮಾಮೊತೊ ಯೂಜೊ ಎಂಬ ಲೇಖಕರು ಇದನ್ನು ನಾಟಕವಾಗಿ ಬರೆದರು. 2001ರಲ್ಲಿ ಪ್ರಧಾನಿ ಕೊಯಿಜುಮಿಯವರು ಸಂಸತ್ತಿನ ಭಾಷಣದಲ್ಲಿ ಈ ಪ್ರಸಂಗವನ್ನು ಸ್ಮರಿಸಿದ್ದರಿಂದ ಅದು ಮತ್ತೆ ಮನೆಮಾತಾಯಿತು. ಹಸಿದವರ ಪಾಲಿನ ಅಕ್ಕಿಯನ್ನು ಮಾರಿದ್ದು ಸರಿಯೇ ಎಂಬ ಪ್ರಶ್ನೆ ಉಳಿದೇ ಇದೆ. ಒಪ್ಪತ್ತಿನ ಗಂಜಿಗೂ ಗತಿಯಿಲ್ಲದ ತಾಯಿಗೆ ಅಂದು ಆ ನಿರ್ಣಯ ಹೇಗೆ ಕಂಡಿರಬಹುದೆಂಬುದನ್ನು ಪ್ರಶಂಸಕರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

1872ರ ಶಿಕ್ಷಣ ಶಾಸನವು ಯಾವ ಹಳ್ಳಿಯಲ್ಲಿಯೂ ಅನಕ್ಷರಸ್ಥ ಕುಟುಂಬವಿರಬಾರದು, ಯಾವ ಕುಟುಂಬದಲ್ಲಿಯೂ ಅನಕ್ಷರಸ್ಥ ವ್ಯಕ್ತಿಯಿರಬಾರದು ಎಂಬ ಧ್ಯೇಯವನ್ನು ಸಾರಿತು. ಆದರೆ ಕಟ್ಟಡದ ವೆಚ್ಚ ಊರವರ ಮೇಲೆ, ಶುಲ್ಕ ತಂದೆತಾಯಿಗಳ ಮೇಲೆ ಬಿದ್ದಿತು. ಹೊಲದ ಕೆಲಸಕ್ಕೆ ಬೇಕಾದ ಮಗುವನ್ನೂ ಕೊಟ್ಟು, ಮೇಲೆ ಹಣವನ್ನೂ ಕೊಡಬೇಕೆ ಎಂದು ರೈತರು ಸಿಡಿದೆದ್ದರು; 1873ರ ದಂಗೆಗಳಲ್ಲಿ ಕೆಲವು ಪ್ರಾಂತಗಳಲ್ಲಿ ಶಾಲೆಗಳನ್ನೇ ಸುಟ್ಟರು. ಆ ವರ್ಷ ಶಾಲೆಗೆ ಹೆಸರು ಹಚ್ಚಿದ ಮಕ್ಕಳು ನೂರಕ್ಕೆ 28 ಮಾತ್ರ, ಹುಡುಗಿಯರಂತೂ ಸುಮಾರು 15. ಅದೇ ಕಾಲದಲ್ಲಿ ಮತ್ಸುಮೊತೊ ಪಟ್ಟಣದ ಜನರು ಕಾಯ್ಚಿ ಶಾಲೆಯ ಭವ್ಯ ಕಟ್ಟಡದ ವೆಚ್ಚದಲ್ಲಿ ಶೇಕಡಾ 70ರಷ್ಟನ್ನು ತಾವೇ ದಾನವಾಗಿ ನೀಡಿದರೆಂಬುದನ್ನೂ ಜೊತೆಗೇ ಹೇಳಬೇಕು. 1876ರಲ್ಲಿ ಕಟ್ಟಿದ ಆ ಶಾಲೆಯನ್ನು 2019ರಲ್ಲಿ ರಾಷ್ಟ್ರೀಯ ನಿಧಿಯೆಂದು ಘೋಷಿಸಲಾಯಿತು.

ಹೆಣ್ಣುಮಕ್ಕಳು ಬಾರದಿರುವುದಕ್ಕೆ ಕಾರಣ ನಮ್ಮ ಹಳ್ಳಿಗಳಿಗೆ ಅಪರಿಚಿತವಲ್ಲ. ತಮ್ಮ ತಂಗಿಯರನ್ನು ಎತ್ತಿಕೊಂಡಿರುವವರು ಬೇರೆ ಯಾರು? ಅದಕ್ಕಾಗಿ ‘ಕೊಮೊರಿ’ ಶಾಲೆಗಳು, ಎಂದರೆ ಕೂಸು ಆಡಿಸುವವರ ಶಾಲೆಗಳು, ಹುಟ್ಟಿಕೊಂಡವು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡೇ ಹುಡುಗಿಯರು ಅಕ್ಷರ ತಿದ್ದುತ್ತಿದ್ದರು. 1900ರಲ್ಲಿ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿದ ಬಳಿಕ ಕೆಲವೇ ವರ್ಷಗಳಲ್ಲಿ ದಾಖಲಾತಿ ಶೇಕಡಾ 90ನ್ನು ದಾಟಿತು. ಆಜ್ಞೆಗಿಂತ ಶುಲ್ಕವಿನಾಯಿತಿಯೇ ಹೆಚ್ಚು ಕೆಲಸ ಮಾಡಿತೆನ್ನಬೇಕು.

ಈ ಪರಿವರ್ತನೆಯನ್ನು ನಡುದಾರಿಯಲ್ಲಿ ಕಣ್ಣಾರೆ ಕಂಡ ಕನ್ನಡಿಗರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಮುಂಬಯಿ ಪ್ರಾಂತದ ಲೋಕೋಪಯೋಗಿ ಖಾತೆಯಲ್ಲಿದ್ದಾಗ, 1898ರಲ್ಲಿ, ಅವರು ಜಪಾನ್ ಪ್ರವಾಸ ಮಾಡಿದರು. ಆಗ ಅಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮೂವರು ಮಕ್ಕಳಲ್ಲಿ ಇಬ್ಬರು ಶಾಲೆಯಲ್ಲಿದ್ದರು. 1912ರಲ್ಲಿ ಮೈಸೂರಿನ ದಿವಾನರಾದ ಅವರ ಆಡಳಿತದಲ್ಲಿ ಮರುವರ್ಷವೇ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾಯಿದೆ, 1916ರಲ್ಲಿ ವಿಶ್ವವಿದ್ಯಾಲಯ ಬಂದವು. ಕೈಗಾರಿಕೆ, ಶಿಕ್ಷಣಗಳ ವಿಷಯದಲ್ಲಿ ಜಪಾನಿನ ಉದಾಹರಣೆಯನ್ನು ಅವರು ಜೀವನದುದ್ದಕ್ಕೂ ಎತ್ತಿ ಹೇಳುತ್ತಿದ್ದರು.

ಶಾಲೆಯ ಒಂದು ದಿನ

1947ರಿಂದ ಜಪಾನಿನಲ್ಲಿ ಒಂಬತ್ತು ವರ್ಷಗಳ ಶಿಕ್ಷಣ ಕಡ್ಡಾಯ. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ. ಶಾಲಾವರ್ಷ ಆರಂಭವಾಗುವುದು ಏಪ್ರಿಲಿನಲ್ಲಿ, ದೇಶದ ಬಹುಭಾಗದಲ್ಲಿ ಚೆರ್ರಿ ಮರಗಳು ಹೂಬಿಡುವ ಕಾಲಕ್ಕೆ. ಚಿಕ್ಕ ಮಕ್ಕಳು ಓಣಿಯ ಹಿರಿಯ ವಿದ್ಯಾರ್ಥಿಗಳೊಂದಿಗೆ ಗುಂಪುಗೂಡಿ ನಡೆದೇ ಶಾಲೆಗೆ ಹೋಗುವುದು ಅನೇಕ ಊರುಗಳಲ್ಲಿ ರೂಢಿ. ಶಾಲೆಯ ಬಾಗಿಲಲ್ಲಿ ಹೊರಗಿನ ಪಾದರಕ್ಷೆ ಬಿಟ್ಟು ಒಳಗಿನದನ್ನು ಹಾಕಿಕೊಳ್ಳುವರು. ಪಾಠಕ್ರಮವು ನಮ್ಮದಕ್ಕಿಂತ ಅಷ್ಟೇನೂ ಭಿನ್ನವಲ್ಲ. ಭಿನ್ನವಾಗಿರುವುದು ಪಾಠವಲ್ಲದ ಎರಡು ಹೊತ್ತುಗಳು: ಊಟ ಮತ್ತು ಕಸಗುಡಿಸುವಿಕೆ.

ಶಾಲೆಯ ಊಟದ ಇತಿಹಾಸವು ಮಠಗಳ ಪ್ರಸಾದನಿಲಯಗಳನ್ನು ಬಲ್ಲ ವಾಚಕರಿಗೆ ವಿಶೇಷವಾಗಿ ಪ್ರಿಯವಾಗುವಂಥದು. 1889ರಲ್ಲಿ ಯಾಮಾಗಾತ ಪ್ರಾಂತದ ತ್ಸುರುಒಕ ಪಟ್ಟಣದಲ್ಲಿ ಬೌದ್ಧ ಭಿಕ್ಷುಗಳು ದೇವಾಲಯದ ಆವರಣದಲ್ಲಿ ಬಡಮಕ್ಕಳಿಗಾಗಿ ಒಂದು ಶಾಲೆಯನ್ನು ನಡೆಸುತ್ತಿದ್ದರು. ಮಕ್ಕಳು ಬುತ್ತಿಯಿಲ್ಲದೆ ಬರುತ್ತಿದ್ದುದನ್ನು ಕಂಡು ಅವರು ಅನ್ನದ ಉಂಡೆ, ಉಪ್ಪುಮೀನು, ಉಪ್ಪಿನಲ್ಲಿ ಹಾಕಿದ ತರಕಾರಿಗಳನ್ನು ಉಚಿತವಾಗಿ ಕೊಡತೊಡಗಿದರು. ಜಪಾನಿನ ಶಾಲಾಭೋಜನದ ಮೂಲವೆಂದು ಇದನ್ನೇ ಗುರುತಿಸುತ್ತಾರೆ. ಯುದ್ಧದಲ್ಲಿ ಸೋತು ದೇಶ ಹಸಿದಿದ್ದಾಗ ವಿದೇಶಗಳ ಸಹಾಯದಿಂದ ಬಂದ ಹಾಲಿನ ಪುಡಿ ಮಕ್ಕಳನ್ನು ಕಾಪಾಡಿತು. ಕೇರ್ ಸಂಸ್ಥೆಯ ಹಾಲಿನ ಪುಡಿ ಮತ್ತು ಗೋದಿಯ ಉಪ್ಪಿಟ್ಟಿನ ರುಚಿಯನ್ನು ಮರೆಯದ ಹಳೆಯ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. 1954ರಲ್ಲಿ ಶಾಲಾಭೋಜನ ಕಾಯಿದೆ ಬಂದಿತು.

ಊಟದ ಗಂಟೆಯಾಗುತ್ತಲೇ ಸರದಿಯ ಮಕ್ಕಳು ಬಿಳಿಯ ಅಂಗಿ, ಟೊಪ್ಪಿಗೆ ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಡಿಗೆಮನೆಯಿಂದ ಪಾತ್ರೆಗಳನ್ನು ತಂದು ತರಗತಿಯಲ್ಲಿಯೇ ಬಡಿಸುವರು. ಮಕ್ಕಳಿಗಿಂತ ಮೊದಲು ಮುಖ್ಯೋಪಾಧ್ಯಾಯರು ಅದೇ ಆಹಾರವನ್ನು ಉಂಡು ಪರೀಕ್ಷಿಸಿರಬೇಕು. ತರಗತಿಯ ಶಿಕ್ಷಕರೂ ಮಕ್ಕಳೊಡನೆ ಕುಳಿತು ಅದನ್ನೇ ಉಣ್ಣುವರು. ಎಲ್ಲರಿಗೂ ಬಡಿಸಿದ ಮೇಲೆ ಕೈಜೋಡಿಸಿ ‘ಇತದಕಿಮಾಸು’ ಎನ್ನುವರು. ತಲೆಯ ಮೇಲೆತ್ತಿ ಸ್ವೀಕರಿಸುತ್ತೇನೆ ಎಂಬುದು ಅದರ ಮೂಲಾರ್ಥ. ‘ಪ್ರಸಾದ’ವೆಂಬ ಶಬ್ದ ಬಲ್ಲವರಿಗೆ ಬೇರೆ ಅನುವಾದ ಬೇಡ.

ಅನಂತರ ಹದಿನೈದಿಪ್ಪತ್ತು ನಿಮಿಷ ಶಾಲೆಯನ್ನೆಲ್ಲ ಮಕ್ಕಳೇ ಶುಚಿಗೊಳಿಸುವರು. ಬೆಂಚು ಸರಿಸಿ, ಕಸ ಗುಡಿಸಿ, ಹಳೆಯ ಟವೆಲಿನಿಂದ ಹೊಲಿದು ಮನೆಯಿಂದ ತಂದ ಒದ್ದೆಬಟ್ಟೆಯನ್ನು ನೆಲಕ್ಕೊತ್ತಿ, ಬಗ್ಗಿ ಓಡುತ್ತ ಉದ್ದನೆಯ ಪಡಸಾಲೆಯನ್ನು ಒರೆಸುವರು. ಅನೇಕ ಶಾಲೆಗಳಲ್ಲಿ ಶೌಚಾಲಯವೂ ಅವರದೇ ಹೊಣೆ. ಶಿಕ್ಷಕರೂ ಕೈ ಹಚ್ಚುವರು. ಇದರ ಹಿಂದೆ ಝೆನ್ ಮಠಗಳ ಪರಂಪರೆಯನ್ನು ಕಾಣುವವರಿದ್ದಾರೆ. ಆ ಪರಂಪರೆಯ ಚೀನೀ ಗುರು ಹ್ಯಾಕುಜೋ ವೃದ್ಧಾಪ್ಯದಲ್ಲಿಯೂ ತೋಟದ ಕೆಲಸ ಬಿಡಲೊಲ್ಲನು. ಶಿಷ್ಯರು ಮರುಕದಿಂದ ಅವನ ಸಲಿಕೆಯನ್ನು ಬಚ್ಚಿಟ್ಟರು. ಅಂದು ಅವನು ಊಟಕ್ಕೆ ಏಳಲಿಲ್ಲ. ಸಲಿಕೆ ಮರಳಿ ಕೊಟ್ಟ ಮೇಲೆಯೇ ಉಂಡನೆಂದು ಕಥೆ. ಕಾಯಕವಿಲ್ಲದೆ ಪ್ರಸಾದವಿಲ್ಲವೆಂದ ಶರಣರ ನಾಡಿಗೆ ಈ ಕಥೆ ಹೊರಗಿನದಲ್ಲ.

ಆದರೆ ಈ ಪದ್ಧತಿಯನ್ನು ನಮ್ಮಲ್ಲಿಗೆ ತರುವ ಮಾತು ಬಂದಾಗ ಒಂದು ಸಂಗತಿಯನ್ನು ಮರೆಮಾಚಲಾಗದು. ನಮ್ಮ ನಾಡಿನಲ್ಲಿ ಪೊರಕೆಗೆ ಜಾತಿಯಿದೆ. ಕೆಲವು ಮನೆಗಳ ಮಕ್ಕಳನ್ನೇ ಆರಿಸಿ ಶೌಚಾಲಯ ತೊಳೆಸಿದರೆ ಅದು ಶಿಕ್ಷಣವಲ್ಲ, ಅವಮಾನ. ಅಲ್ಲಿಯ ಪದ್ಧತಿಗೆ ಬಲ ಬಂದಿರುವುದು ಸರದಿಯಿಂದ. ಸಾಹುಕಾರರ ಮಗನಿಗೂ ಶಿಕ್ಷಕರ ಮಗಳಿಗೂ ಅದರಿಂದ ವಿನಾಯಿತಿ ಇಲ್ಲದಿರುವುದರಿಂದ. ಈ ಒಂದನ್ನು ಬಿಟ್ಟು ಉಳಿದುದನ್ನೆಲ್ಲ ಅನುಕರಿಸಿದರೆ ಫಲ ವಿಪರೀತವೇ ಆದೀತು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ಕರ್ನಾಟಕದ ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಬಳಿಕ ಮೂರು ವರ್ಷಗಳ ಉಚಿತ ವಸತಿಸಹಿತ ತರಬೇತಿ ದೊರೆಯುತ್ತದೆ. ಅಲ್ಲಿ ಯಂತ್ರವಿದ್ಯೆಯ ಜೊತೆಗೆ ದೇಹಶ್ರಮ, ಶುಚಿತ್ವ, ಕಾಲಪಾಲನೆಗಳೂ ಪಾಠದ ಅಂಗಗಳೇ. ಈ ಶಿಸ್ತು ಕನ್ನಡದ ಮಕ್ಕಳಿಗೆ ಅಸಾಧ್ಯವಲ್ಲ.

ಮಸಕಾದ ಪುಟಗಳು

ಅದೇ ಶಾಲೆಗಳು ದೇಶವನ್ನು ಅನರ್ಥಕ್ಕೂ ಒಯ್ದವು. 1890ರ ಶಿಕ್ಷಣ ರಾಜಾಜ್ಞೆಯನ್ನು ಪ್ರತಿಯೊಂದು ಶಾಲೆಯಲ್ಲಿ ಸಮಾರಂಭಪೂರ್ವಕವಾಗಿ ಓದುತ್ತಿದ್ದರು. ಚಕ್ರವರ್ತಿಯ ಭಾವಚಿತ್ರವನ್ನು ಬೆಂಕಿಯಿಂದ ಉಳಿಸಲು ಹೋಗಿ ಪ್ರಾಣ ಬಿಟ್ಟ ಶಿಕ್ಷಕರಿದ್ದರು. ಪ್ರಶ್ನಿಸದ ವಿಧೇಯತೆಯ ಪರಿಣಾಮ 1945ರ ಬೂದಿಯಲ್ಲಿ ಕಂಡಿತು. ಸಂಸತ್ತು 1948ರಲ್ಲಿ ಆ ಆಜ್ಞೆಯನ್ನು ತಿರಸ್ಕರಿಸಿತು.

ಜಪಾನಿನಲ್ಲಿಯೂ ಅಸ್ಪೃಶ್ಯತೆ ಇದ್ದಿತೆಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿಯದು. ಚರ್ಮಗಾರಿಕೆ, ಪಶುವಧೆ ಮುಂತಾದ ವೃತ್ತಿಗಳ ಕಾರಣದಿಂದ ಊರಹೊರಗೆ ಇರಿಸಲ್ಪಟ್ಟ ‘ಬುರಾಕು’ ಜನರ ಹೀನಸ್ಥಾನವನ್ನು 1871ರಲ್ಲಿ ಕಾಯಿದೆಯಿಂದ ತೆಗೆದರೂ ಮದುವೆ, ಉದ್ಯೋಗಗಳಲ್ಲಿ ಭೇದ ಉಳಿಯಿತು. 1961ರಲ್ಲಿ ಕೋಚಿ ನಗರದ ನಾಗಾಹಾಮ ಎಂಬಲ್ಲಿ ಈ ಸಮುದಾಯದ ತಾಯಂದಿರು, ಶಿಕ್ಷಣ ಉಚಿತವೆಂದು ಸಂವಿಧಾನ ಹೇಳುತ್ತಿರುವಾಗ ಪಠ್ಯಪುಸ್ತಕಕ್ಕೆ ಹಣವೇಕೆ ಕೊಡಬೇಕೆಂದು ಹಟಹಿಡಿದು ಚಳವಳಿ ಹೂಡಿದರು. 1963ರಲ್ಲಿ ಉಚಿತ ಪಠ್ಯಪುಸ್ತಕದ ಕಾಯಿದೆಯಾಯಿತು. ಇಂದು ಅಲ್ಲಿಯ ಪ್ರತಿಯೊಂದು ಮಗುವಿನ ಚೀಲದಲ್ಲಿರುವ ಪುಸ್ತಕದ ಹಿಂದೆ ಆ ತಾಯಂದಿರ ಹಟವಿದೆ.

1923ರ ಸೆಪ್ಟೆಂಬರ್ 1ರ ಮಹಾಭೂಕಂಪದ ನೆನಪಿಗಾಗಿ ಪ್ರತಿವರ್ಷ ಅದೇ ದಿನ ದೇಶದಾದ್ಯಂತ ವಿಪತ್ತಿನ ಅಭ್ಯಾಸ ನಡೆಯುತ್ತದೆ. ಈ ಅಭ್ಯಾಸದ ಬೆಲೆ 2011ರ ಮಾರ್ಚ್ 11ರಂದು ಎರಡು ಬಗೆಯಾಗಿ ತಿಳಿಯಿತು. ಕಾಮಾಯ್ಶಿ ಪಟ್ಟಣದಲ್ಲಿ ದೊಡ್ಡ ಮಕ್ಕಳು ಚಿಕ್ಕವರ ಕೈಹಿಡಿದು ದಿಣ್ಣೆಗೆ ಓಡಿದರು. ಅಂದು ಆ ಪಟ್ಟಣದ ಶಾಲೆಗಳಲ್ಲಿದ್ದ ಸುಮಾರು ಮೂರು ಸಾವಿರ ಮಕ್ಕಳು ಉಳಿದರು. ಇಶಿನೊಮಾಕಿಯ ಓಕಾವಾ ಶಾಲೆಯಲ್ಲಿಯಾದರೋ, ಹಿಂದೆಯೇ ಗುಡ್ಡವಿದ್ದರೂ, ಮಕ್ಕಳನ್ನು ಸುಮಾರು ಐವತ್ತು ನಿಮಿಷ ಅಂಗಳದಲ್ಲಿ ನಿಲ್ಲಿಸಲಾಯಿತು. 74 ಮಕ್ಕಳೂ 10 ಮಂದಿ ಶಿಕ್ಷಕರೂ ನೀರುಪಾಲಾದರು. ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. ಮುಂಚಿತವಾಗಿಯೇ ಸಿದ್ಧತೆ ಮಾಡಿಕೊಳ್ಳದಿದ್ದುದು ಶಾಲೆ ಮತ್ತು ಶಿಕ್ಷಣಾಧಿಕಾರಿಗಳ ತಪ್ಪೆಂಬ ತೀರ್ಪು 2019ರಲ್ಲಿ ಸ್ಥಿರವಾಯಿತು. ಸಾಲಾಗಿ ನಿಲ್ಲುವುದನ್ನು ಕಲಿಸುವ ಶಾಲೆಯೇ ಸಾಲು ಬಿಟ್ಟು ಓಡಬೇಕಾದ ಗಳಿಗೆಯನ್ನೂ ಕಲಿಸಬೇಕೆಂಬ ಚರ್ಚೆ ಅಲ್ಲಿಯ ಶಿಕ್ಷಕರಲ್ಲಿ ಮುಗಿದಿಲ್ಲ.

ಪರೀಕ್ಷೆಗಳ ಒತ್ತಡ, ಸಂಜೆಯ ಟ್ಯೂಷನ್, ಸಹಪಾಠಿಗಳ ಪೀಡನೆ ಇವು ಅಲ್ಲಿಯೂ ಇವೆ. 2023ರ ಶಾಲಾವರ್ಷದಲ್ಲಿ ದೀರ್ಘಕಾಲ ಶಾಲೆಗೆ ಹೋಗದೆ ಉಳಿದ ಪ್ರಾಥಮಿಕ, ಮಾಧ್ಯಮಿಕ ಮಕ್ಕಳ ಸಂಖ್ಯೆ 3 ಲಕ್ಷ 46 ಸಾವಿರವನ್ನು ದಾಟಿತು. ಇನ್ನೊಂದೆಡೆ ಹಳ್ಳಿಗಳಲ್ಲಿ ಮಕ್ಕಳೇ ಇಲ್ಲವಾಗುತ್ತಿದ್ದಾರೆ. 2002ರಿಂದ 2020ರ ವರೆಗೆ 8 ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಶಾಲೆಗಳು ಮುಚ್ಚಿದವು. ಅವುಗಳ ಕಟ್ಟಡಗಳಲ್ಲಿ ಕೆಲವು ವೃದ್ಧರ ಆರೈಕೆಯ ಕೇಂದ್ರಗಳಾಗಿವೆ, ಕೆಲವು ಕಾರ್ಯಾಗಾರಗಳಾಗಿವೆ. ಇನ್ನು ಕೆಲವನ್ನು ನೆರೆ ಭೂಕಂಪಗಳ ಸಮಯದಲ್ಲಿ ಆಶ್ರಯವಾಗಲೆಂದು ಊರವರು ಕಾಯ್ದುಕೊಂಡಿದ್ದಾರೆ.